ಅಜ್ಜಿ ನೆಟ್ಟ ಸಂಪಿಗೆ

ಸಂಪಿಗೆಯ ಘಮ ಬಂದರೆ ಈಗಲೂ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಅಶೋಕಪುರಂನ ನಮ್ಮ ಹಿತ್ತಲಿಗೆ ಅಪ್ಪ ನರ್ಸರಿಯಿಂದ ಸಂಪಿಗೆ ಸಸಿ ತಂದಿದ್ದರು. ನಾನು ಅದನ್ನು ಗುಂಡಿಗೆ ಇಳಿಸಲು ಹೋದಾಗ ಅಜ್ಜಿ ಕಸಿದುಕೊಂಡರು. "ನೀನು ಮುಟ್ಬೇಡ ಕಣೋ. ಸಂಪಿಗೆ ನೆಟ್ಟೋರು ಅದು ಹೂ ಬಿಟ್ಟ ವರ್ಷ ಉಳಿಯಲ್ಲ. ನಾನೇ ನೆಡ್ತೀನಿ."

"ಅದೆಲ್ಲ ಸುಳ್ಳು ಬುಡಮ್ಮ" ಎಂದ ಅಪ್ಪ, ಗುದ್ದಲಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಸುಳ್ಳಾದರೆ ಅವರೇ ಏಕೆ ನೆಡಲಿಲ್ಲವೋ ನನಗೆ ತಿಳಿಯಲಿಲ್ಲ.

ದಿನವೂ ನೀರು ಹಾಕಿದವರೂ ಅಜ್ಜಿಯೇ. ಕಣ್ಣು ಮಂಜಾದ ಮೇಲೆ ನನ್ನನ್ನು ಕೇಳುತ್ತಿದ್ದರು: "ಮೊಗ್ಗು ಬಂತೇನೋ?" ಬರಲಿ ಎನ್ನಬೇಕೋ ಬೇಡ ಎನ್ನಬೇಕೋ ಗೊತ್ತಾಗುತ್ತಿರಲಿಲ್ಲ.

ಮೂರನೆಯ ವರ್ಷ ಮೊದಲ ಹೂ ಅರಳಿತು. ಕಿತ್ತು ಜೇಬಿಗೆ ಹಾಕಿಕೊಂಡು, "ಇಲ್ಲ ಅಜ್ಜಿ" ಎಂದೆ.

ಅಜ್ಜಿ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, ನಿಧಾನವಾಗಿ ಉಸಿರೆಳೆದುಕೊಂಡರು.

"ಇಲ್ವಾ? ಸರಿ ಬುಡು."