ಇಪ್ಪತ್ತರಿಂದ ಶುರುವಾಗುವ ಟೇಪು

“ನಾಳೆಯೊಳಗೆ ಆ ಬೋರ್ಡು ಸರಿಹೋಗದಿದ್ರೆ ನನ್ನ ಕೆಲಸಕ್ಕೇ ಸಂಚಕಾರ ಮಾವ,” ಎಂದಳು ಸೊಸೆ, ಚಪ್ಪಲಿ ಬಿಡುವ ಮೊದಲೇ. ಟೈಲರ್ ಮಾವ ಅಡುಗೆಮನೆಯ ಕಿಟಕಿಗೆಂದು ತಂದ ಪರದೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದರು. ಕೈಯಲ್ಲಿ ಟೇಪು, ಕಿವಿ ಮಾತ್ರ ಅವಳ ಕಡೆ.

ಸೊಸೆ ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕೂರುವವಳು. ಕೆಲಸ ಇನ್ನೂ ಕಾಯಂ ಆಗಿಲ್ಲ. ಅಲ್ಲಿನ ಯಂತ್ರ ನಲವತ್ತು ನಿಮಿಷಕ್ಕೊಮ್ಮೆ ಓಡುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ. ಓಡಲು ಹೊರಟರೆ ಇಪ್ಪತ್ತು ನಿಮಿಷಕ್ಕೆ ರಿಪೋರ್ಟು. ಅದು ಹೊರಡುವ ಹೊತ್ತಿಗೇ ರಕ್ತ ಕೊಟ್ಟ ಪುಣ್ಯವಂತನಿಗೆ ಇಪ್ಪತ್ತೇ ನಿಮಿಷ; ಕಣ್ಣೆದುರೇ ಅದನ್ನು ತಪ್ಪಿಸಿಕೊಂಡವನಿಗೆ ಪೂರಾ ಅರವತ್ತು. ಜನ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಹಾಗಾಗಿ ಇಪ್ಪತ್ತರಿಂದ ಅರವತ್ತರೊಳಗೆ ಎಲ್ಲ ನಿಮಿಷಗಳೂ ಸಮಸಮ, ಒಂದು ಹೆಚ್ಚಲ್ಲ, ಇನ್ನೊಂದು ಕಡಿಮೆಯಲ್ಲ. ನೂರು ಜನರಲ್ಲಿ ತೊಂಬತ್ತು ಜನಕ್ಕಾದರೂ ಹೇಳಿದ ಸಮಯದೊಳಗೆ ರಿಪೋರ್ಟು ಸಿಗಬೇಕು, ಅಂಥ ಸಮಯ ಬೋರ್ಡಿನಲ್ಲಿ ಬರೆದು ತೂಗುಹಾಕು ಎಂದಿದ್ದರು ಮೇಲಿನವರು. ಅದಕ್ಕೆ ತೊಂಬತ್ತನೇ ಪರ್ಸೆಂಟೈಲ್ ಎಂದು ಹೆಸರಂತೆ. ಅವಳು ಲೆಕ್ಕ ಹಾಕಿ, ಮೂವತ್ತಾರು ನಿಮಿಷ ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು.

“ಲೆಕ್ಕ ಸರಿಯಾಗೇ ಇದೆ ಮಾವ. ಇಪ್ಪತ್ತರಿಂದ ಅರವತ್ತಕ್ಕೆ ನಲವತ್ತು. ಅದರಲ್ಲಿ ನೂರಕ್ಕೆ ತೊಂಬತ್ತು ಅಂದ್ರೆ ಮೂವತ್ತಾರು. ಆದ್ರೂ ಅರ್ಧಕ್ಕಿಂತ ಹೆಚ್ಚು ಜನ ಬಂದು ಕೌಂಟರ್ ಕುಟ್ತಾರೆ. ಇವತ್ತೊಬ್ರು, ‘ಏನಮ್ಮ, ಇದು ಯಾವ ಊರಿನ ಗಡಿಯಾರ?’ ಅಂದ್ರು.”

“ಅರವತ್ತು ಅಂತ ಬರೆದು ಕೈ ತೊಳ್ಕೊಳ್ಳೇ,” ಎಂದು ಅತ್ತೆ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟರು.

“ಒಂದು ಗಂಟೆ ಅಂತ ಕಂಡ್ರೆ ಎದ್ದು ಎದುರುಗಡೆ ಲ್ಯಾಬಿಗೆ ಹೋಗ್ತಾರಂತೆ ಅತ್ತೆ.”

“ಮಿಕ್ಕ ಹತ್ತು ಜನ ಏನು ಪಾಪ ಮಾಡಿದ್ರು?” ಎಂದರು ಅತ್ತೆ.

“ಅವರು ಬೈತಾರೆ. ಅಷ್ಟು ಬೈಸ್ಕೊಳ್ಳೋಕೇ ನನಗೆ ಸಂಬಳ.”

ಮೂವತ್ತಾರು, ಮೂವತ್ತಾರು ಎಂದು ಮಾವ ತಮ್ಮಷ್ಟಕ್ಕೆ ಗೊಣಗಿಕೊಂಡರು. ಮಡಿಕೆಯೂ ಸೇರಿ ಪರದೆಗೆ ಬೇಕಾದ ಉದ್ದವೂ ಅಷ್ಟೇ ಇಂಚು. ಟೇಪು ಹಿಡಿದು ಸೀಮೆಸುಣ್ಣ ಎಳೆದು, ಕತ್ತರಿ ಆಡಿಸಿ, ಮಾತು ಮುಗಿಯುವುದರೊಳಗೆ ಹೊಲಿದೂ ಆಯಿತು. ಕಿಟಕಿಗೆ ತೂಗುಹಾಕಿ ಹಿಂದೆ ಸರಿದು ನೋಡಿದರೆ ಬಟ್ಟೆ ಮೇಲೆಲ್ಲೋ ಅಂಟಿಕೊಂಡು ನಿಂತಿತ್ತು. ಕೆಳಗಿನ ಕಿಟಕಿಯೆಲ್ಲ ಬಟಾಬಯಲು.

“ಏನ್ರೀ ಇದು? ಕಿಟಕಿಗೆ ಪರದೆ ಹಾಕಿ ಅಂದ್ರೆ ಕಾಲರ್ ಹಾಕಿದ್ದೀರಲ್ಲ!”

ಮಾವ ನಾಲಗೆ ಕಚ್ಚಿಕೊಂಡರು. ಒಳ್ಳೆಯ ಟೇಪು ಅಂಗಡಿಯಲ್ಲಿತ್ತು. ಮನೆಯದು ಒಮ್ಮೆ ಹೊಲಿಗೆ ಯಂತ್ರದ ಚಕ್ರಕ್ಕೆ ಸಿಕ್ಕಿ ಮೊದಲ ಇಪ್ಪತ್ತು ಇಂಚು ಕಳೆದುಕೊಂಡ ಟೇಪು. ಉಳಿದದ್ದು ಗಟ್ಟಿಯಾಗಿದೆಯಲ್ಲ ಎಂದು ಅವರು ಅದನ್ನು ಬಿಸಾಡಿರಲಿಲ್ಲ. ಅಳೆಯುವಾಗ ಇಪ್ಪತ್ತು ಕೂಡಿಸಿಕೊಳ್ಳುವುದು ಕೈಗೆ ರೂಢಿಯಾಗಿತ್ತು. ಇವತ್ತು ಕಿವಿ ಲ್ಯಾಬಿಗೆ ಹೋಗಿತ್ತು, ಕೈ ಮರೆಯಿತು.

“ಮೂವತ್ತಾರು ಇಂಚು ಬೇಕು ಅಂತ ಮೂವತ್ತಾರರ ಗೆರೆಗೇ ಕತ್ತರಿ ಹಾಕ್ಬಿಟ್ಟೆ ಕಣೇ. ಇದು ಶುರುವಾಗೋದೇ ಇಪ್ಪತ್ತರಿಂದ. ಐವತ್ತಾರರ ತನಕ ಹೋಗ್ಬೇಕಿತ್ತು. ಈಗ ಸಿಕ್ಕಿರೋದು ಬರೀ ಹದಿನಾರು.”

ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ ಸೊಸೆ ತಟ್ಟನೆ ನಗು ನಿಲ್ಲಿಸಿದಳು. ಟೇಪನ್ನು ಅವರ ಕೈಯಿಂದ ಇಸಿದುಕೊಂಡು ಮೇಜಿನ ಮೇಲೆ ಎಳೆದು ಹಾಸಿದಳು. ಈ ತುದಿಗೆ ಇಪ್ಪತ್ತು, ಆ ತುದಿಗೆ ಅರವತ್ತು.

“ಮಾವ, ನನ್ನ ಬೋರ್ಡೂ ಇದೇ ಪರದೆ! ಮೂವತ್ತಾರು ಎಣಿಸಬೇಕಾಗಿದ್ದು ಇಲ್ಲಿಂದ, ಇಪ್ಪತ್ತರಿಂದ. ನಾನು ಇಲ್ಲದ ಸೊನ್ನೆಯಿಂದ ಎಣಿಸಿದೆ. ನಲವತ್ತರಲ್ಲಿ ಹದಿನಾರೇ ಮುಚ್ಚಿದ್ದು, ಅಂದ್ರೆ ನೂರಕ್ಕೆ ನಲವತ್ತೇ ಜನ. ಐವತ್ತಾರು ಬರೀಬೇಕಿತ್ತು!”

“ಮಿಕ್ಕ ಅರವತ್ತು ಜನ ಕಿಟಕಿಯಲ್ಲಿ ನಿಂತು ಬೈತಿದ್ದಾರೆ ಅನ್ನು,” ಎಂದರು ಅತ್ತೆ. ಆ ರಾತ್ರಿ ಊಟದಲ್ಲಿ ಪರದೆಯ ಕಡೆ ಯಾರು ನೋಡಿದರೂ ಮೂವರಿಗೂ ನಗು.

ಬೋರ್ಡು ಬದಲಾಯಿತು. ಕೆಲವು ದಿನ ಬಿಟ್ಟು ಸಕ್ಕರೆ ಪರೀಕ್ಷೆಗೆಂದು ಮಾವ ಅದೇ ಲ್ಯಾಬಿಗೆ ಹೋದರು. ರಕ್ತ ಕೊಟ್ಟು, ಮೊಣಕೈ ಸಂದಿನಲ್ಲಿ ಹತ್ತಿ ಒತ್ತಿ ಹಿಡಿದು, ಐವತ್ತಾರು ಎಂದು ಬರೆದ ಬೋರ್ಡಿನ ಕೆಳಗೇ ಕುಳಿತರು. ಆಚೀಚೆ ಕೂತವರು ಒಬ್ಬೊಬ್ಬರಾಗಿ ಎದ್ದು, “ಹೇಳಿದ್ದಕ್ಕಿಂತ ಬೇಗ್ನೇ ಬಂತಲ್ಲ,” ಎನ್ನುತ್ತಾ ರಿಪೋರ್ಟು ಹಿಡಿದು ಹೋದರು. ಕೌಂಟರನ್ನು ಯಾರೂ ಕುಟ್ಟಲಿಲ್ಲ. ಗಡಿಯಾರ ಐವತ್ತಾರನ್ನು ದಾಟಿತು. ಮಾವನ ರಿಪೋರ್ಟು ಬರಲಿಲ್ಲ.

ಸೊಸೆ ಮುಖ ಸಣ್ಣದು ಮಾಡಿಕೊಂಡು ಎದ್ದು ಬಂದಳು. “ಇನ್ನೊಂದೆರಡು ನಿಮಿಷ ಮಾವ. ನಿಮಗೆ ಸ್ವಲ್ಪದರಲ್ಲೇ ಯಂತ್ರ ತಪ್ಪಿಹೋಯ್ತು. ರಕ್ತ ಕೊಡೋ ಸಾಲಲ್ಲಿ ನೀವೇ ತಾನೇ ಆಗ ಮುಂದಿದ್ದಿದ್ದು?”

“ಮುಂದೆ ನಾನೇ ಇದ್ದೆ. ಹಿಂದಿದ್ದವರಿಗೆ ಜಾಗ ಬಿಟ್ಟುಕೊಟ್ಟೆ,” ಎಂದರು ಮಾವ, ಹತ್ತಿ ತೆಗೆದು ನೋಡಿಕೊಳ್ಳುತ್ತಾ. “ನೂರರಲ್ಲಿ ಹತ್ತು ಜನ ಹೊರಗುಳೀತಾರೆ ಅಂದಿದ್ದೆಯಲ್ಲ. ಅದರಲ್ಲಿ ಒಬ್ಬನಾದ್ರೂ ನಿನ್ನ ಬೈಯದವನು ಇರಲಿ ಅಂತ.”