ತೆಗೆದದ್ದಕ್ಕೆ ಕಾರಣ

ಗೇರುಬೀಜ ಕಾರ್ಖಾನೆಯ ಸೂಪರ್‌ವೈಸರ್ ತನ್ನ ಕೈ ಹಿಡಿದೆಳೆದದ್ದನ್ನು ವಾರಿಜಾ ಊರಿನ ಆನ್‌ಲೈನ್ ವೇದಿಕೆಯಲ್ಲಿ ಹೆಸರಿಲ್ಲದೆ ಬರೆದಳು. ಬರೆದ ಮೇಲೆ ಜೀವ ಬಾಯಿಗೆ ಬಂದಂತಾಗಿ, ವೇದಿಕೆ ನೋಡಿಕೊಳ್ಳುವ ವಾಮನನಿಗೆ ಫೋನ್ ಮಾಡಿದಳು.

"ಅಣ್ಣಾ, ಅದನ್ನು ಈಗ್ಲೇ ತೆಗೀರಿ ಮಾರಾಯ್ರೆ. ಬಾಯ್ಲರ್ ಹತ್ರ ಅಂತ ಬರ್ದುಬಿಟ್ಟಿದ್ದೇನೆ. ಅಲ್ಲಿರುವ ಹೆಂಗಸು ನಾನೊಬ್ಳೇ. ಅವ ನೋಡಿದ್ರೆ ನನ್ನನ್ನು ಉಳಿಸುದಿಲ್ಲ."

"ಯಾರೂ ನೋಡುವ ಮೊದ್ಲೇ ತೆಗ್ದಾಯ್ತು, ಹೆದರ್ಬೇಡಿ."

ಅವಳಿಗೆ ಉಸಿರು ಬಂತು.

"ಆದ್ರೆ ನಮ್ಮಲ್ಲಿ ಗುಟ್ಟು ಅಂತ ಇಲ್ಲ ನೋಡಿ. ಏನು ತೆಗೆದ್ರೂ ಕಾರಣ ಎಲ್ಲರಿಗೂ ಕಾಣುವ ಹಾಗೆ ಹಾಕ್ತೇವೆ."

ವಾರಿಜಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಏನಂತ ಹಾಕಿದ್ದೀರಿ?"

ವಾಮನ ಹೆಮ್ಮೆಯಿಂದ ಓದಿದ: "ಸೂಪರ್‌ವೈಸರ್ ಮೇಲೆ ದೂರು ಬರೆದವರು ಬಾಯ್ಲರ್ ವಿಭಾಗದ ಏಕೈಕ ಮಹಿಳೆಯಾದ್ದರಿಂದ, ಅವರ ಗುರುತು ಕಾಪಾಡಲು ಬರಹವನ್ನು ತೆಗೆಯಲಾಗಿದೆ."