ಕಪ್ಪು ಗಾಜಿನ ಹತ್ತು ಸೆಕೆಂಡು

"ನಿಂದರಬ್ಯಾಡ ಅಕ್ಕಾ! ನಡಕೋತ ಹೋಗು!" ಶಾನವಾಜ ನಾಲ್ಕನೇ ಸಲ ಕೂಗಿದ. ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತ ಚಂದ್ರಿಬಾಯಿ ನಾಲ್ಕನೇ ಸಲವೂ ಕ್ಯಾಮೆರಾದ ಎದುರಿಗೆ ಬಂದು, ಸೆರಗು ಸರಿಮಾಡಿಕೊಂಡು, ಗೂಟ ಹೊಡೆದ ಹಾಗೆ ನಿಂತುಬಿಟ್ಟಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು ಎಂದು ಅವನು ಹಲ್ಲು ಕಡಿದ.

ಗೋವಾದ ಮಂಗೋರ್ ಹಿಲ್‌ನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡು ಮದುವೆ, ಮುಂಜಿಗಳ ಫೋಟೋ ತೆಗೆಯುತ್ತಿದ್ದವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಸಮುದ್ರದ ದಂಡೆಗೆ ಎದ್ದು ನಿಂತ ಹೊಸ ಗೆಸ್ಟ್‌ಹೌಸಿನ ಜಾಹೀರಾತಿನ ಫೋಟೋ. ಹಿಂದಿನ ಸಮುದ್ರ ಹಾಲಿನಂತೆ ಕಾಣಬೇಕು, ಚಿತ್ರದಲ್ಲಿ ಕೂಲಿಯವರು ಯಾರೂ ಇರಬಾರದು ಎಂದು ಮಾಲೀಕರ ಅಪ್ಪಣೆ. ಅವರನ್ನು ಒಂದು ಗಳಿಗೆ ಆಚೆ ಕಳಿಸೋಣವೆಂದರೆ ಕೂಲಿಯವರ ಮುಕಾದಮ ದೇವಲಪ್ಪ ಒಪ್ಪಲಿಲ್ಲ. "ಕಲಸಿದ ಕಾಂಕ್ರೀಟು ನಿಮ್ಮ ಫೋಟೋಕ್ಕ ಕಾಯೂದಿಲ್ರಿ ಸಾಬ್ರ, ಗಟ್ಟಿ ಆಗ್ತೈತಿ" ಎಂದು ಬೆನ್ನು ತಿರುಗಿಸಿ ಹೋದ. ಹಿತ್ತಲಿನ ಗೋಡೆಗೆ ಹೋಗುವ ಬುಟ್ಟಿಗಳೆಲ್ಲ ಮನೆಯ ಮುಂದಿನಿಂದಲೇ ಹಾಯಬೇಕು.

ಆದರೆ ಶಾನವಾಜನ ಹತ್ತಿರ ಮುಂಬಯಿಯಿಂದ ತರಿಸಿದ ಎನ್‌ಡಿ ಫಿಲ್ಟರ್ ಇತ್ತು. ಲೆನ್ಸಿನ ಮೂತಿಗೆ ಸಿಕ್ಕಿಸುವ ಕಪ್ಪು ಗಾಜು; ಅದರ ಬಳೆ ತಿರುಗಿಸಿದಂತೆ ಬೆಳಕು ಕಡಿಮೆಯಾಗುತ್ತದೆ. ಒಂದು ಎಳ್ಳಷ್ಟು ಹೆಚ್ಚು ತಿರುಗಿತೋ, ಚಿತ್ರದ ನಡುವೆ ಕರೀ ಅಡ್ಡಗೀಟು ಬಂದು ಕೂರುತ್ತದೆ. ಅದರ ಜೊತೆ ಗುದ್ದಾಡುವುದರಲ್ಲೇ ಅವನಿಗೆ ಒಂದು ತಾಸು ಹೋಗಿತ್ತು. ಹದ ಸಿಕ್ಕರೆ ಮಾತ್ರ ಹಾಡುಹಗಲಲ್ಲೇ ಕ್ಯಾಮೆರಾದ ಕಣ್ಣನ್ನು ಹತ್ತು ಸೆಕೆಂಡು ತೆರೆದಿಡಬಹುದು. ಅಷ್ಟರಲ್ಲಿ ತೆರೆಗಳು ಕಲಸಿಹೋಗಿ ಹಾಲಾಗುತ್ತವೆ, ನಡೆದಾಡುವವರು ಅಳಿಸಿಹೋಗುತ್ತಾರೆ. ನಿಂತವರು ಮಾತ್ರ ಉಳಿದುಬಿಡುತ್ತಾರೆ. ಉಳಿದ ಕೂಲಿಯವರೆಲ್ಲ ತಮ್ಮ ಪಾಡಿಗೆ ನಡೆಯುತ್ತಿದ್ದರೆ ಈ ಒಬ್ಬಳು ಮಾತ್ರ ಪ್ರತಿ ಫೋಟೋದ ನಟ್ಟನಡುವೆ ಬುಟ್ಟಿ ಸಮೇತ ಮೂಡಿದ್ದಳು. ನಾಲ್ಕನ್ನೂ ಅಳಿಸಿ ಅವನು ಸಿಟ್ಟಿನಿಂದ ಅವಳ ಹತ್ತಿರ ಹೋದ.

"ನಿನಗ ಕಿವಿ ಕೇಳಸೂದಿಲ್ಲೇನ ಅಕ್ಕಾ?"

"ಕೇಳಸ್ತೈತ್ರಿ ಅಣ್ಣಾರ. ಅಲಗ್ಯಾಡಿದ್ರ ಫೋಟೋ ಹೆಂಗ ಬರ್ತೈತ್ರಿ? ನಮ್ಮೂರಾಗ ಉಸರ ಬಿಗಿ ಹಿಡೀರಿ ಅಂತಿದ್ರು." ಚಂದ್ರಿಬಾಯಿ ದನಿ ತಗ್ಗಿಸಿದಳು. "ಮಗಳು ನಮ್ಮೂರ ಕಡೆ ಇಂಡಿ ಹಾಸ್ಟೆಲಿನ್ಯಾಗ ಅದಾಳ್ರಿ. ನಿಮ್ಮವ್ವ ಗೋವಾದಾಗ ಎಂಥಾ ದಂಧಾ ಮಾಡ್ತಾಳ ಅಂತ ಹುಡಿಗ್ಯಾರು ಆಡಕೋತಾರಂತ. ಊಟಾ ಬಿಟ್ಟು ಕುಂತಾಳ್ರಿ. ಬುಟ್ಟಿ ಹೊತ್ತದ್ದೊಂದು ಫೋಟೋ ಕಳಸವ್ವಾ, ಅವರ ಮಾರಿಗೆ ಹಿಡೀತೀನಿ ಅಂತ ಅಳ್ತಾಳ್ರಿ."

ಶಾನವಾಜನಿಗೆ ಪಾಪ ಅನಿಸಿತು, ಸುಳ್ಳಲ್ಲ. ಆದರೆ ಮೇಲೆ ಮೋಡ ಸರಿಯತೊಡಗಿತ್ತು. ಬಿಸಿಲು ಬಿದ್ದರೆ ಆ ಹತ್ತು ಸೆಕೆಂಡು ಇನ್ನು ಸಿಗುವುದಿಲ್ಲ. ಜೇಬಿನಲ್ಲಿ ಮಾಲೀಕರ ಫೋನು ಬೇರೆ ಬಡಿದುಕೊಳ್ಳುತ್ತಿತ್ತು.

"ಹಂಗಾರ ನಿಂತ್ರ ಏನ್ ಉಪಯೋಗ?" ಎಂದ. "ದುಡಿಯೂದು ಕಾಣಬೇಕಂದ್ರ ನಡೀಬೇಕು. ಇದು ಹೊಸಾ ಗಾಜು ಅಕ್ಕಾ, ಇದರಾಗ ನಡದವ್ರೇ ಚಲೋ ಬರ್ತಾರ."

ಅವಳು ನಂಬಿದಳು. ನಂಬಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಹಣೆಯ ಬೆವರು ಒರೆಸಲೂ ನಿಲ್ಲದೆ ಏಳು ಸಲ ಹೋಗಿ ಬಂದಳು. ಫೋಟೋ ಮಾಲೀಕರು ಕೇಳಿದ ಹಾಗೇ ಬಂತು. ಸಮುದ್ರ ಹಾಲು ಚೆಲ್ಲಿದಂತೆ, ಮನೆ ಈಗಷ್ಟೇ ತೊಳೆದಿಟ್ಟಂತೆ, ಹಾದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಶಾನವಾಜ ಬೆಳಗಿನಿಂದ ಮೊದಲ ಸಲ ನಿರಾಳವಾಗಿ ಉಸಿರುಬಿಟ್ಟ.

"ತೋರಸ್ರಿ ಅಣ್ಣಾರ." ಚಂದ್ರಿಬಾಯಿ ಆಗಲೇ ಪಕ್ಕಕ್ಕೆ ಬಂದು ಕ್ಯಾಮೆರಾದ ಪುಟ್ಟ ಪರದೆಗೆ ಬಾಗಿದ್ದಳು. ಈ ತುದಿಯಿಂದ ಆ ತುದಿಯವರೆಗೆ ಹಾದಿಯನ್ನು ಹುಡುಕಿದಳು.

"ನಾ ಎಲ್ಲಿ ಅದೀನ್ರಿ?"

ಅವಳ ಸಿಮೆಂಟು ಮೆತ್ತಿದ ಬೆರಳು ಮೆಟ್ಟಿಲ ಬುಡಕ್ಕೆ ಬಂದು ನಿಂತಿತು.

"ಇಲ್ಲಿ ನಾಯಿ ಬಂದೈತಲ್ರಿ."

ಬಂದಿತ್ತು. ನೆರಳಿನಲ್ಲಿ ಸುರುಳಿ ಸುತ್ತಿ ಮಲಗಿದ್ದ ಬೀದಿನಾಯಿ, ಕಿವಿಯ ಕೂದಲು ಎಣಿಸುವಷ್ಟು ಚೆನ್ನಾಗಿ ಬಂದಿತ್ತು.

"ಅದು ಮಲಗಿತ್ತಕ್ಕಾ," ಎಂದ ಶಾನವಾಜ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಅಲಗ್ಯಾಡಿದವ್ರು ಈ ಗಾಜಿನ್ಯಾಗ ಬರೂದಿಲ್ಲ."

"ಅಂದ್ರ ನಿಂತಾಗ ಬಂದಿದ್ನೇನ್ರಿ?"

"ಬಂದಿದ್ದಿ."

"ಅದನ್ನರ ಕೊಡ್ರಿ."

"ಅಳಸೇನಿ."

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಏ ಚಂದ್ರೀ, ಮಾಲು ಗಟ್ಟಿ ಆಗಾಕತ್ತೈತಿ!" ಎಂದು ದೇವಲಪ್ಪ ಮಿಕ್ಸರಿನ ಕಡೆಯಿಂದ ಒದರಿದ. ಅವಳು ತಿರುಗಿ ನಡೆದಳು. ಶಾನವಾಜನಿಗೆ ಗಾಜಿನ ಮೇಲೆ, ಮಾಲೀಕರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಉಕ್ಕಿ ಬಂತು. ಬೆಳಕು ಪೂರ್ತಿ ಒಳಗೆ ಬರುವಂತೆ ಗಾಜಿನ ಬಳೆಯನ್ನು ಕೊನೆಯವರೆಗೂ ಹಿಂದಕ್ಕೆ ತಿರುಗಿಸಿದ. "ಅಕ್ಕಾ, ಈ ಸಲ ನಿಂದ ಒಂದು ತಗೀತೀನಿ, ನಿಂದಷ್ಟ! ಬಾ!" ಎಂದು ಕೂಗಿದ.

ಚಂದ್ರಿಬಾಯಿ ತುಂಬಿದ ಬುಟ್ಟಿ ಹೊತ್ತು ಬಂದಳು. ಕುತ್ತಿಗೆಯ ನರ ಉಬ್ಬಿತ್ತು. ಈ ಸಲ ಸೆರಗು ಸರಿಮಾಡಿಕೊಳ್ಳಲಿಲ್ಲ. ಕ್ಯಾಮೆರಾವನ್ನು ಬಿಟ್ಟು ನೇರವಾಗಿ ಅವನ ಮುಖವನ್ನೇ ನೋಡಿದಳು.

"ಈಗರ ಖರೇ ಹೇಳ್ರಿ ಅಣ್ಣಾರ," ಎಂದಳು. "ನಿಂದರ್ಲೇನ್ರಿ, ನಡೀಲೇನ್ರಿ?"